ಮಾತಾಪಿತೃಸೇವೆಯಲ್ಲಿ ಗಮನದ ಸ್ಥಾನ

ತಂದೆತಾಯಿಗಳನ್ನು ದೇವರೆಂದು ಭಾವಿಸಬೇಕೆಂದು ತೈತ್ತಿರೀಯೋಪನಿಷತ್ತಿನ ಶೀಕ್ಷಾವಲ್ಲಿಯು ವಿಧಿಸುತ್ತದೆ. ನಿತ್ಯ ನಮಸ್ಕಾರ, ಹೊತ್ತಿಗೆ ಊಟ, ಔಷಧ ಇಷ್ಟರಿಂದಲೇ ಆ ವಿಧಿ ಪೂರ್ಣವಾಯಿತೇ ಎಂಬುದು ವಿಚಾರಣೀಯವಾಗಿದೆ.

ನಿನ್ನೆಯವರೆಗೆ ಸಂಧ್ಯಾವಂದನೆಯನ್ನು ಲೋಪವಿಲ್ಲದೆ ನಡೆಸಿದ ವೃದ್ಧರು ಇಂದು ಆಚಮನದ ಕ್ರಮವನ್ನೇ ಮರೆಯುತ್ತಾರೆ; ಹಗಲನ್ನು ರಾತ್ರಿಯೆನ್ನುತ್ತಾರೆ; ಮಗನನ್ನು ಗುರುತಿಸದೆ ಗದರುತ್ತಾರೆ; ಇಲ್ಲವೆ ಮಂಕಾಗಿ ಮಲಗಿಬಿಡುತ್ತಾರೆ. "ವಯಸ್ಸಾಯಿತು, ಅರಳುಮರಳು" ಎಂದು ಮನೆಯವರು ಸುಮ್ಮನಾಗುವುದುಂಟು. ಆದರೆ ಅರಳುಮರಳು ಸಾಮಾನ್ಯವಾಗಿ ತಿಂಗಳು ವರ್ಷಗಳಲ್ಲಿ ಮೆಲ್ಲನೆ ಬರತಕ್ಕದ್ದು. ಕೆಲವು ಗಂಟೆಗಳಲ್ಲಿ ಅಥವಾ ಒಂದೆರಡು ದಿನಗಳಲ್ಲಿ ತಲೆದೋರಿ ಏರಿಳಿಯುವ ಭ್ರಮೆಯು ಬೇರೆ. ಹಿರಿಯರು ಇದನ್ನು ಸನ್ನಿಯೆಂದರು. ವೈದ್ಯರು ಡೆಲಿರಿಯಂ ಎನ್ನುತ್ತಾರೆ. ಮೂತ್ರದ ಸೋಂಕು, ನ್ಯುಮೋನಿಯಾ, ನೀರಿನ ಕೊರತೆ, ರಕ್ತದಲ್ಲಿ ಸೋಡಿಯಂ ಅಥವಾ ಸಕ್ಕರೆ ಇಳಿಯುವುದು, ಹೊಸ ಮಾತ್ರೆ, ಮಲಮೂತ್ರಗಳ ತಡೆ ಇವು ಇದಕ್ಕೆ ಕಾರಣಗಳಾಗಬಲ್ಲವು. ವೃದ್ಧರಲ್ಲಿ ಸೋಂಕಿದ್ದರೂ ಜ್ವರ ಕಾಣದಿರಬಹುದು. ವಾರಗಳ ಹಿಂದೆ ಬಿದ್ದ ಪೆಟ್ಟಿನಿಂದ ತಲೆಯೊಳಗೆ ರಕ್ತ ಸೇರಿರಲೂಬಹುದು. ಇವುಗಳಲ್ಲಿ ಬಹುಪಾಲಿಗೆ ಚಿಕಿತ್ಸೆಯುಂಟು. ತಡಮಾಡಿದರೆ ಪ್ರಾಣಾಪಾಯವೂ ಉಂಟು. ಮುಖ ಸೊಟ್ಟಗಾಗಿ ಮಾತು ತೊದಲಿದರಂತೂ ಕೂಡಲೆ 108ಕ್ಕೆ ಕರೆಮಾಡಬೇಕು.

ತಂದೆಯ ಬುದ್ಧಿಯನ್ನು ಮಗನು ಪರೀಕ್ಷಿಸುವುದು ಅವಿನಯವಲ್ಲವೇ ಎಂಬ ಸಂಕೋಚವು ಸಹಜ. ಗಮನಿಸುವುದು ಬೇರೆ, ತೂಗಿ ನೋಡುವುದು ಬೇರೆ. ವೈದ್ಯರು ಕಾಣುವುದು ಇಂದಿನ ಸ್ಥಿತಿಯನ್ನು ಮಾತ್ರ. ನಿನ್ನೆ ಇವರು ಹೀಗಿರಲಿಲ್ಲವೆಂದು ಹೇಳಬಲ್ಲವರು ಜೊತೆಯಲ್ಲಿ ಬಾಳಿದವರೇ. ಯಾವಾಗಿನಿಂದ ಬದಲಾವಣೆ, ಯಾವ ಮಾತ್ರೆಗಳು, ನೀರು ಕುಡಿದದ್ದೆಷ್ಟು, ಬಿದ್ದದ್ದುಂಟೇ ಎಂಬ ಪ್ರಶ್ನೆಗಳಿಗೆ ಉತ್ತರ ಸಿದ್ಧವಿರುವುದೇ ದೊಡ್ಡ ಸೇವೆ.

ಏಕಾದಶಿಯ ವಿಷಯದಲ್ಲಿ ಇದು ಮುಖ್ಯ. ಮಧುಮೇಹದ ಅಥವಾ ಮೂತ್ರ ಹೆಚ್ಚಿಸುವ ಔಷಧವನ್ನು ಸೇವಿಸುವ ವೃದ್ಧರಿಗೆ ನಿರ್ಜಲ ಉಪವಾಸವು ಅಪಾಯಕರವಾಗಬಹುದು. ಬಾಲರಿಗೂ ವೃದ್ಧರಿಗೂ ರೋಗಿಗಳಿಗೂ ಶಾಸ್ತ್ರವು ವಿನಾಯಿತಿ ಕೊಟ್ಟಿದ್ದರೂ ಹಿರಿಯರು ತಾವಾಗಿ ವ್ರತ ಬಿಡಲೊಪ್ಪರು. ವೈದ್ಯರನ್ನೂ ವಿದ್ವಾಂಸರನ್ನೂ ಮುಂಚಿತವಾಗಿ ಕೇಳಿ ಅವರನ್ನು ಒಪ್ಪಿಸುವ ಭಾರವು ಮಕ್ಕಳದು.

ನಮ್ಮ ಸಿದ್ಧಾಂತದಲ್ಲಿ ಮನಸ್ಸು ಒಂದು ಇಂದ್ರಿಯ. ಜೀವಸ್ವರೂಪವಾದ ಸಾಕ್ಷಿಯು ಅದಕ್ಕಿಂತ ಬೇರೆ. ಕಣ್ಣಿಗೆ ಪೊರೆ ಬಂದಿತೆಂದು ತಂದೆಯ ಮೇಲೆ ಯಾರೂ ಮುನಿಯರು. ಮನಸ್ಸು ರೋಗಗ್ರಸ್ತವಾದಾಗ ಆಡಿದ ಕಟುಮಾತನ್ನು ಅವರ ಸ್ವಭಾವವೆಂದು ಎಣಿಸುವುದೂ ನ್ಯಾಯವಲ್ಲ. ಅಂತಹ ಹೊತ್ತಿನಲ್ಲಿ ವಾದಿಸದೆ, ದೀಪವಿಟ್ಟು, ಕನ್ನಡಕ ಕೊಟ್ಟು, ಪರಿಚಿತ ಧ್ವನಿಯಲ್ಲಿ ಮಾತನಾಡಿಸುತ್ತ ವೈದ್ಯರಲ್ಲಿಗೆ ಕರೆದೊಯ್ಯುವುದೇ ಪುತ್ರಧರ್ಮ.

|| ಶ್ರೀಕೃಷ್ಣಾರ್ಪಣಮಸ್ತು ||