ಯುದ್ಧಕಥನವೂ ಕರುಣೆಯೂ

ಕಾವೇರಿಯು ಕಾಡಿನ ನಡುವೆ ಬಂಡೆಗಳನ್ನು ಬಳಸಿ ಹರಿಯುವ ಮುತ್ತತ್ತಿಯಲ್ಲಿ ನೆಲಸಿರುವ ಆಂಜನೇಯನು ಲಂಕೆಯನ್ನು ಸುಟ್ಟ ವೀರನೇ ಆದರೂ, ಸ್ನಾನಕ್ಕಿಳಿದ ಸೀತಾದೇವಿಯ ಮೂಗುತಿಯ ಮುತ್ತು ಹೊಳೆಯ ಪಾಲಾದಾಗ ಬಾಲವನ್ನು ಮಡುವಿಗಿಳಿಸಿ ಅದನ್ನೆತ್ತಿಕೊಟ್ಟನೆಂಬ ಕಥೆಯಿಂದಲೇ ಅಲ್ಲಿನ ಭಕ್ತರು ಅವನನ್ನು ಮುತ್ತೆತ್ತರಾಯನೆಂದು ನೆನೆಯುತ್ತಾರೆ. ಯೋಧನು ಪೂಜ್ಯನಾಗುವುದು ಕೊಂದುದರಿಂದಲೋ, ಕಳೆದುಹೋದುದನ್ನು ಮರಳಿಸಿದುದರಿಂದಲೋ ಎಂಬ ಪ್ರಶ್ನೆಯನ್ನು ಯುದ್ಧದ ಕಥೆ ಹೇಳುವವರಾರೂ ತಪ್ಪಿಸಿಕೊಳ್ಳಲಾರರು.

ನೆರೆಯ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ ಕ್ರಿ.ಶ. 949–50ರ ಶಾಸನವು, ರಾಷ್ಟ್ರಕೂಟ ಮೂರನೆಯ ಕೃಷ್ಣನ ಪರವಾಗಿ ಗಂಗರ ಬೂತುಗನು ತಕ್ಕೋಲದ ಕಾಳಗದಲ್ಲಿ ಚೋಳ ರಾಜಾದಿತ್ಯನನ್ನು ಕೊಂದುದನ್ನು ಸಾರುತ್ತದೆ. ಆ ಕಾಳಗದಲ್ಲಿ ಪರಾಕ್ರಮ ಮೆರೆದ ಮಣಲೇರನಿಗೆ ಒಡೆಯನು ಮೆಚ್ಚಿ, ಬೇಕಾದುದನ್ನು ಬೇಡೆಂದಾಗ, ಅವನು ಬೇಡಿದುದು ಕಾಳಿಯೆಂಬ ಬೇಟೆನಾಯಿಯನ್ನು. ಆ ನಾಯಿ ಹಂದಿಯೊಡನೆ ಸೆಣಸಿ, ಹಂದಿಯೂ ತಾನೂ ಜೊತೆಯಲ್ಲೇ ಸತ್ತಿತು. ಅದಕ್ಕಾಗಿ ಚಲ್ಲೇಶ್ವರನ ಮುಂದೆ ಕಲ್ಲನ್ನು ನಿಲ್ಲಿಸಿ ಭೂಮಿಯನ್ನು ಬಿಡಲಾಯಿತು. ಶಿಲ್ಪಿಯ ಉಳಿ ಆ ಕಲ್ಲಿನಲ್ಲಿ ಮೂಡಿಸಿದುದು ರಾಜನ ಪತನವನ್ನಲ್ಲ, ಹಂದಿಯ ಮೇಲೆರಗಿದ ನಾಯಿಯನ್ನು. ರಣದಿಂದ ಮರಳಿದವನ ಅಂತರಂಗವನ್ನು ಇದಕ್ಕಿಂತ ಸಂಕ್ಷೇಪವಾಗಿ ಹೇಳಿದ ಕಥೆಯನ್ನು ನಾನು ಕಾಣೆ.

ಅದೇ ಶತಮಾನದ ಕೊನೆಯ ಭಾಗದಲ್ಲಿ ಕಾವ್ಯರಚನೆಗೆ ತೊಡಗಿದ ರನ್ನನು ಗದಾಯುದ್ಧದಲ್ಲಿ ಸಿಂಹಾವಲೋಕನಕ್ರಮವನ್ನು ಹಿಡಿದು, ಭಾರತದ ಕಥೆಯನ್ನೆಲ್ಲ ಯುದ್ಧದ ಕಡೆಯ ದಿನದಿಂದ ಹಿಂದಿರುಗಿ ನೋಡಿದನು. ಸಂಜಯನೊಡನೆ ಹೆಣಗಳ ನಡುವೆ ನಡೆಯುವ ದುರ್ಯೋಧನನು ದ್ರೋಣನನ್ನೂ ದುಶ್ಶಾಸನನನ್ನೂ ಕರ್ಣನನ್ನೂ ಕಂಡು ಕೊರಗುವುದು ಸಹಜ. ಹಗೆಯ ಮಗನಾದ ಅಭಿಮನ್ಯುವಿನ ಮುಂದೆಯೂ ಅವನು ನಿಂತು ಕೈಮುಗಿಯುತ್ತಾನೆ! ಗೆಲವು ಸೋಲುಗಳೆರಡೂ ನಿರ್ಧಾರವಾದ ಮೇಲೆ ನೋಡುವ ಕಣ್ಣಿಗೆ ಮಾತ್ರವೇ ಶತ್ರುವು ಒಬ್ಬರ ಮಗನಾಗಿ ಕಾಣುವುದರಿಂದ, ಈ ತಂತ್ರವನ್ನು ಬರಿಯ ಕಾವ್ಯಚಮತ್ಕಾರವೆಂದು ನಾನು ಒಪ್ಪಲಾರೆ. ಅದು ಕವಿಯ ಧರ್ಮನಿಶ್ಚಯ. ಭೈರಪ್ಪನವರು 1979ರ ‘ಪರ್ವ’ದಲ್ಲಿ ದೈವತ್ವದ ಪ್ರಭೆಯನ್ನು ತೆಗೆದಿಟ್ಟು, ಪಾತ್ರಗಳ ಸ್ಮರಣೆಯ ಮೂಲಕವೇ ಕಥೆ ನಡೆಸಿ, ಕೊಳೆಯುವ ಶವಗಳ ದುರ್ಗಂಧವನ್ನು ಓದುಗನ ಮೂಗಿಗೆ ತಂದುದೂ ಇದೇ ದಾರಿಯ ಮುಂದುವರಿಕೆ.

ಆತ್ಮಕ್ಕೆ ಸಾವಿಲ್ಲವೆಂಬ ಗೀತೆಯ ಬೋಧೆ ಕರ್ತವ್ಯಕ್ಕೆ ನಿಂತವನಿಗೆ ಧೈರ್ಯವನ್ನೀಯಬಹುದು. ಆದರೆ ಕಥೆಗಾರನು ಅದನ್ನು ಮರೆಮಾಡಿಕೊಂಡು ನೆಲಕ್ಕುರುಳಿದ ದೇಹದಿಂದ ಮುಖ ತಿರುಗಿಸುವುದು ಸಲ್ಲದು. ಅವನ ಕೆಲಸವಿರುವುದು ನಶ್ವರವಾದುದರ ಬಳಿಯಲ್ಲಿ. ಸೈನಿಕರನ್ನು ಕುರಿತು ಬರೆಯಹೊರಟಿರುವ ತರುಣ ಲೇಖಕರು ರನ್ನನ ಆ ರಣಭೂಮಿಯ ವರ್ಣನೆಯನ್ನು ಓದಿ, ಈಗ ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿರುವ ಆತಕೂರಿನ ಕಲ್ಲಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕೆಂದು ಬಿನ್ನವಿಸುತ್ತೇನೆ.