ಬಹುಮಾನಕ್ಕೆ ಮೊದಲು

2018ರಲ್ಲಿ ಉಗಾಂಡಾದ ಬ್ರಯಾನ್ ಗಿಟ್ಟಾ ಎಂಬ 24ರ ತರುಣನಿಗೆ ಆಫ್ರಿಕಾದ ಇಂಜಿನಿಯರಿಂಗ್ ಬಹುಮಾನ ಬಂತು. ರಕ್ತ ತೆಗೆಯದೆ ಮಲೇರಿಯಾ ಪತ್ತೆಮಾಡುವ ಯಂತ್ರ ಅವನ ತಂಡದ್ದು. ಕೊಟ್ಟದ್ದು ಲಂಡನ್ನಿನ ರಾಯಲ್ ಅಕಾಡೆಮಿ, 25,000 ಪೌಂಡು. ನಮಗೂ ಸಂತೋಷವೇ. ಆದರೆ 1962ರವರೆಗೆ ಆ ನಾಡನ್ನು ಆಳಿದವರೇ ಇವತ್ತು ಬೆನ್ನು ತಟ್ಟಬೇಕಾ? ದುಡ್ಡು ಬೇಡ ಅನ್ನು ಅಂತ ಅವನಿಗೆ ಹೇಳೋಕೆ ನಾವ್ಯಾರು, ಅದೂ ನಿಜ.

ಸಿಟ್ಟು ಇಷ್ಟಕ್ಕೇ ನಿಂತರೆ ಸುಲಭವಾಗಿತ್ತು. 1963ರಲ್ಲಿ ಟಾಂಗನ್ಯೀಕಾದ ಶಾಲಾಹುಡುಗ ಎರಾಸ್ಟೊ ಎಂಪೆಂಬಾ ಐಸ್‌ಕ್ರೀಮಿಗೆ ಕಾಯಿಸಿದ ಹಾಲನ್ನು ಆರಿಸದೆ ಫ್ರಿಜ್ಜಿಗಿಟ್ಟ. ಕಾಯಿಸದೆ ಇಟ್ಟವನ ಹಾಲಿಗಿಂತ ಇವನದೇ ಮೊದಲು ಗಟ್ಟಿಯಾಯ್ತು. ಯಾಕೆ ಅಂತ ಕೇಳಿದ. ಒಬ್ಬ ಮೇಷ್ಟ್ರು ನಿನಗೆ ಗೊಂದಲ ಅಂದರು. ಮುಂದೆ ಇನ್ನೊಬ್ಬರು, ಅದು ನಿನ್ನ ಭೌತಶಾಸ್ತ್ರ, ಲೋಕದ್ದಲ್ಲ ಅಂತ ಗೇಲಿ ಮಾಡಿದರು. ಜೊತೆಯ ಹುಡುಗರೂ ನಕ್ಕರು. ನಮ್ಮಲ್ಲಿ ಮೇಷ್ಟ್ರಾದವರಿಗೆ ಈ ನಗು ಗೊತ್ತು; ನಾವೂ ನಕ್ಕಿದ್ದೇವೆ.

ನಗದೆ ಪ್ರಯೋಗ ಮಾಡಿಸಿ ನೋಡಿದವರು ಡೆನಿಸ್ ಆಸ್ಬೋರ್ನ್ ಎಂಬ ಬ್ರಿಟಿಷ್ ಪ್ರೊಫೆಸರು. ಇದನ್ನು ನುಂಗೋದು ನಮಗೆ ಕಷ್ಟ. 1969ರಲ್ಲಿ ಇಬ್ಬರ ಹೆಸರಲ್ಲೂ ಲೇಖನ ಅಚ್ಚಾಯಿತು. ಅದು ನಿಜವೋ ಸುಳ್ಳೋ ಅಂತ ವಿಜ್ಞಾನಿಗಳು ಇನ್ನೂ ಜಗಳಾಡುತ್ತಿದ್ದಾರೆ, ಆಡಲಿ. ಎಂಪೆಂಬಾನ ಹೆಸರು ಭೌತಶಾಸ್ತ್ರದಲ್ಲಿ ಉಳಿಯಿತು, ಅವನು ಮಾತ್ರ ವನ್ಯಜೀವಿ ಇಲಾಖೆಯಲ್ಲಿ ದುಡಿದ.