ಮುಚ್ಚಳ ತೆಗೆಯುವವರು

ಪುಣೆಯ ನಮ್ಮ ಫ್ಲ್ಯಾಟಿನಲ್ಲಿ ಸಿಂಕಿನ ಕೆಳಗೆ ಒಂದು ಕಸದ ಡಬ್ಬಿ ಇದೆ. ಹೋದ ಮಳೆಗಾಲದಲ್ಲಿ ಅದರ ಸುತ್ತ ನೊಣ ಹೆಚ್ಚಾದಾಗ ನಾನೊಂದು ಸುಲಭದ ದಾರಿ ಹಿಡಿದೆ. ಡಬ್ಬಿಯೊಳಗೆ ಕಪ್ಪು ಪ್ಲಾಸ್ಟಿಕ್ ಚೀಲ ಹಾಕಿ, ತರಕಾರಿ ಸಿಪ್ಪೆ, ಚಹಾದ ಚರಟ, ಉಳಿದ ಸಾರು, ಹಾಲಿನ ಪಾಕೀಟು ಎಲ್ಲವನ್ನೂ ಅದಕ್ಕೇ ಸುರಿದು, ಬಾಯಿ ಬಿಗಿದು ಕಟ್ಟಿ ಬಾಗಿಲ ಹೊರಗಿಡುವುದು. ಡಬ್ಬಿ ಅಂಗಡಿಯಿಂದ ತಂದ ಹಾಗೆ ಉಳಿಯಿತು. ಮನೆಯಲ್ಲಿ ಒಂದು ನೊಣವೂ ಇಲ್ಲ. ಬಂದ ನೆಂಟರೊಬ್ಬರು ಹೊಗಳಿದರು ಕೂಡ.

ಒಂದು ರಜೆಯ ದಿನ ಬೆಳಿಗ್ಗೆ ಹಾಲು ತರಲು ಕೆಳಗಿಳಿದೆ. ನಮ್ಮ ಕಟ್ಟಡದ ಕಸ ಒಯ್ಯುವ ಮಾವಶಿ ಗೇಟಿನ ಪಕ್ಕ ಕುಳಿತು ಚೀಲಗಳನ್ನು ಬಿಚ್ಚುತ್ತಿದ್ದಳು. ಒಂದರ ಗಂಟು ಬಿಚ್ಚಲಾಗದೆ ಹರಿದಳು. ಎರಡು ದಿನದ ಹುಳಿ ನೀರು ಮೊಣಕೈವರೆಗೆ ಇಳಿಯಿತು, ನೊಣಗಳು ಗುಂಯ್ ಎಂದು ಎದ್ದವು. ಒಳಗಿನಿಂದ ಧಾರವಾಡ ಪೇಡೆಯ ರಟ್ಟಿನ ಡಬ್ಬಿಯೊಂದು ಜಾರಿತು. ಊರಿಂದ ನಾನೇ ತಂದದ್ದು, ಸಾರಿನಲ್ಲಿ ನೆಂದು ಮೆತ್ತಗಾಗಿತ್ತು. ಅವಳು ಅದನ್ನು ಒಮ್ಮೆ ನೋಡಿ ಬದಿಗೆಸೆದು, ಕೈ ಕೊಡವಿ, ಮುಂದಿನ ಚೀಲಕ್ಕೆ ಹೋದಳು. ಅದು ಯಾರ ಮನೆಯದೆಂದು ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು.

ಅವತ್ತಿನಿಂದ ಒಂದು ಪ್ರಶ್ನೆ ನನ್ನ ಬೆನ್ನು ಬಿಟ್ಟಿಲ್ಲ. ನನ್ನ ಡಬ್ಬಿ ನಿಜಕ್ಕೂ ಸ್ವಚ್ಛವಾಗಿತ್ತೇ?

ನೊಣದ ಲೆಕ್ಕವನ್ನೇ ನೋಡಿ. ಅದು ಒಂದು ಸಲಕ್ಕೆ ನೂರರ ಆಸುಪಾಸು ಮೊಟ್ಟೆ ಇಡುತ್ತದೆ. ಸೆಖೆಯಿದ್ದರೆ ಒಂದು ದಿನದೊಳಗೆ ಹುಳ ಹೊರಬರುತ್ತದೆ, ವಾರ ಹತ್ತು ದಿನಗಳಲ್ಲಿ ರೆಕ್ಕೆ ಮೂಡುತ್ತದೆ. ಹಾಗಾಗಿ ಸೋಮವಾರ ನನ್ನ ಸಿಪ್ಪೆಯ ಮೇಲೆ ಕೂತ ನೊಣದ ಸಂತಾನ ನನ್ನ ಮನೆಯಲ್ಲಿ ಹುಟ್ಟುವುದೇ ಇಲ್ಲ, ಕಸ ಹೋಗಿ ಬೀಳುವ ಕಡೆ ಹುಟ್ಟುತ್ತದೆ. ಪುಣೆಯ ಕಸ ದಶಕಗಳ ಕಾಲ ಹೋಗಿ ಬಿದ್ದದ್ದು ಉರುಳಿ ದೇವಾಚಿ, ಫುರಸುಂಗಿ ಎಂಬ ಹಳ್ಳಿಗಳಲ್ಲಿ. ಅಲ್ಲಿಯವರು ಲಾರಿಗಳನ್ನು ಎಷ್ಟೋ ಸಲ ಅಡ್ಡಗಟ್ಟಿದ್ದಾರೆ. ಆಗೆಲ್ಲ ನಾವು ಪೇಪರಿನಲ್ಲಿ ಸುದ್ದಿ ಓದಿ, ‘ಕಸದವರು ಯಾಕೆ ಬಂದಿಲ್ಲ’ ಎಂದು ಗೊಣಗಿದವರು.

‘ದುಡ್ಡು ಕೊಡುತ್ತೇವಲ್ಲ’ ಎಂದು ಗೆಳೆಯರೊಬ್ಬರು ವಾದಿಸಿದರು. ಕೊಡುತ್ತೇವೆ, ಆದರೆ ಯಾತಕ್ಕೆ? ಪುಣೆಯಲ್ಲಿ ಮನೆಮನೆಯ ಕಸ ಒಯ್ಯುವವರಲ್ಲಿ ಬಹಳ ಮಂದಿ ‘ಸ್ವಚ್ಛ್’ ಸಹಕಾರ ಸಂಘದವರು. ಕಸ ಆಯುವವರೇ ಅದರ ಒಡೆಯರು, ಹೆಚ್ಚಿನವರು ಹೆಂಗಸರು. 2008ರಲ್ಲಿ ಅದು ಪಾಲಿಕೆಯೊಂದಿಗೆ ಒಪ್ಪಂದ ಮಾಡಿಕೊಂಡಿತು. ಮನೆಯವರು ಕೊಡುವ ತಿಂಗಳ ಶುಲ್ಕದ ಜೊತೆ ಒಣಕಸ ಮಾರಿ ಬರುವ ಕಾಸೂ ಅವರ ಗಳಿಕೆ. ಸಾರಿನಲ್ಲಿ ನೆಂದ ರಟ್ಟನ್ನು ಯಾರೂ ಕೊಳ್ಳುವುದಿಲ್ಲ. ಅಂದರೆ ನನ್ನ ಚೀಲ ಅವಳ ಕೈ ಕೊಳೆ ಮಾಡಿದ್ದಷ್ಟೇ ಅಲ್ಲದೆ ಜೇಬನ್ನೂ ಕತ್ತರಿಸಿತ್ತು. ಹಸಿ, ಒಣ, ಅಪಾಯಕಾರಿ ಎಂದು ಬೇರೆ ಮಾಡುವುದು ಕಸ ಹುಟ್ಟಿಸಿದವರ ಕೆಲಸ ಎಂದು 2016ರ ನಿಯಮಗಳೇ ಹೇಳಿದ್ದವು. ಆ ಕೆಲಸವನ್ನು ನಾನು ಬಿಟ್ಟಿಯಾಗಿ ಅವಳಿಂದ ಮಾಡಿಸುತ್ತಿದ್ದೆ.

ಅಜ್ಜಿಯ ಮನೆ ನೆನಪಾಗುತ್ತದೆ. ಮುಸುರೆ ನೀರು ಎಮ್ಮೆಗೆ, ಸಗಣಿ ಸಿಪ್ಪೆ ಹಿತ್ತಲ ತಿಪ್ಪೆಗೆ. ಆ ತಿಪ್ಪೆಯ ನೊಣ ನಮ್ಮ ರೊಟ್ಟಿಯ ಮೇಲೇ ಬಂದು ಕೂರುತ್ತಿತ್ತು. ಅದರಲ್ಲೊಂದು ನ್ಯಾಯವಿತ್ತು ಅನ್ನಿಸುತ್ತದೆ. ಆದರೆ ಹಳೆಯ ಕಾಲದ ಹಾಡು ಹಾಡುವ ಮುನ್ನ ಇನ್ನೊಂದು ನೆನಪು ತಡೆಯುತ್ತದೆ: ಅದೇ ಹಿತ್ತಲ ಸಂದಿಯಿಂದ ಬಂದು ಪಾಯಖಾನೆ ಬಳಿದು ಹೋಗುತ್ತಿದ್ದ ಒಬ್ಬರಿದ್ದರು. ಅವರ ಮುಖ ನಮಗ್ಯಾರಿಗೂ ನೆನಪಿಲ್ಲ. ನಮ್ಮ ಮಡಿ ಆಗಲೂ ಹೊಸ್ತಿಲಿಗೇ ಮುಗಿಯುತ್ತಿತ್ತು. ಕಪ್ಪು ಚೀಲ ಆ ಸಂದಿಯ ಹೊಸ ರೂಪ, ಅಷ್ಟೆ.

ಈಗ ಚೀಲ ಬಿಟ್ಟಿದ್ದೇನೆ. ಸಿಪ್ಪೆಯ ನೀರು ಸೋಸಿ ಹಾಕುತ್ತೇನೆ, ಡಬ್ಬಿಯ ತಳಕ್ಕೆ ಹಳೆಯ ಪೇಪರು. ಅವಳು ಸುರಿದುಕೊಂಡು ಹೋದ ಮೇಲೆ ಉಜ್ಜಿ ತೊಳೆದು ಬಾಲ್ಕನಿಯಲ್ಲಿ ಬೋರಲು ಹಾಕುತ್ತೇನೆ, ಏಕೆಂದರೆ ಒಣಗಿದ ಕಡೆ ನೊಣದ ಹುಳ ಬದುಕುವುದಿಲ್ಲ. ಪ್ಯಾಡು, ಡಯಪರುಗಳನ್ನು ಕಾಗದದಲ್ಲಿ ಸುತ್ತಿ ಕೆಂಪು ಚುಕ್ಕೆ ಇಡುತ್ತೇವೆ, ಮುಟ್ಟುವ ಮುನ್ನ ಅವಳಿಗೆ ತಿಳಿಯಲಿ ಎಂದು. ಇಷ್ಟೆಲ್ಲ ಮಾಡಿದರೂ ಸೀಬೆಹಣ್ಣಿನ ಕಾಲದಲ್ಲಿ ಸಣ್ಣ ನೊಣಗಳು ಬರುತ್ತವೆ. ಮೊದಲಿಗಿಂತ ನಮ್ಮ ಅಡುಗೆಮನೆ ಒಂದು ಗುಲಗಂಜಿ ಕೊಳೆಯಾಗಿದೆ ಎಂದು ಹೆಂಡತಿಯ ದೂರು. ಅದು ನಿಜ. ಆ ಗುಲಗಂಜಿಯಷ್ಟು ನಮ್ಮ ಪಾಲಿನದೇ ಎಂದು ಹೇಳಿ ನೋಡಿದೆ, ಆಕೆ ಪೂರ್ತಿ ಒಪ್ಪಿಲ್ಲ.

ಇದನ್ನು ಮಾಡುತ್ತಿರುವುದು ಮಾವಶಿಯ ಮೇಲಿನ ಗೌರವದಿಂದಲೋ, ಪೇಡೆ ಡಬ್ಬಿಯ ನಾಚಿಕೆಯಿಂದಲೋ, ನಾನಿನ್ನೂ ಖಚಿತವಾಗಿ ಹೇಳಲಾರೆ. ಅವಳಿಗಂತೂ ಆ ವ್ಯತ್ಯಾಸದಿಂದ ಆಗಬೇಕಾದ್ದೇನಿಲ್ಲ. ನಿನ್ನೆ ಮುಚ್ಚಳ ತೆಗೆದು, ಸುರಿದು, ತಳಕ್ಕೆ ಎರಡು ಬಡಿದು ಡಬ್ಬಿ ವಾಪಸು ಕೊಟ್ಟಳು. ಮುಖ ತಿರುಗಿಸಲಿಲ್ಲ. ಎದುರು ಮನೆಯ ಬಾಗಿಲಲ್ಲಿ ಕಪ್ಪು ಚೀಲ ಕಾಯುತ್ತಿತ್ತು, ಬಾಯಿ ಬಿಗಿದುಕೊಂಡು. ಆ ಮನೆಯವರಿಗೆ ಹೇಳಬೇಕು ಅಂದುಕೊಂಡು ಮೂರು ವಾರವಾಯಿತು. ಇನ್ನೂ ಬೆಲ್ ಒತ್ತಿಲ್ಲ.